ಒಳಗಿನಿಂದ ಹಾಕಿಕೊಳ್ಳುವ ಚಿಲಕ: ನಮ್ಮ ಕುಲಪತಿಗಳಿಗೆ ಒಂದು ಬಹಿರಂಗ ಪತ್ರ

ರಾಜ್ಯದ ಎಲ್ಲ ವಿಶ್ವವಿದ್ಯಾಲಯಗಳ ಮಾನ್ಯ ಕುಲಪತಿಗಳಿಗೆ, ಕುಲಸಚಿವರಿಗೆ ಮತ್ತು ಸಿಂಡಿಕೇಟ್ ಸದಸ್ಯರಿಗೆ,

ನಮಸ್ಕಾರ.

ನಾನು ನಮ್ಮ ರಾಜ್ಯದ ಒಂದು ವಿಶ್ವವಿದ್ಯಾಲಯದಲ್ಲಿ ಪಿಎಚ್.ಡಿ ಮಾಡುತ್ತಿದ್ದೇನೆ. ಯಾವ ವಿಶ್ವವಿದ್ಯಾಲಯ ಅಂತ ಬರೆಯುವುದಿಲ್ಲ. ಹೆದರಿಕೆ ಸ್ವಲ್ಪ ಇದೆ, ಸುಳ್ಳು ಯಾಕೆ ಹೇಳಲಿ, ಇನ್ನೂ ಥೀಸಿಸ್ ಸಲ್ಲಿಸಬೇಕು. ಆದರೆ ಅದಕ್ಕಿಂತ ದೊಡ್ಡ ಕಾರಣ ಬೇರೆ ಇದೆ. ಹೆಸರು ಬರೆದರೆ ಆ ಒಬ್ಬರನ್ನು ಬಿಟ್ಟು ಉಳಿದವರೆಲ್ಲ "ಸದ್ಯ, ನಮ್ಮದಲ್ಲ" ಅಂತ ಪತ್ರ ಮಡಚಿ ಇಟ್ಟುಬಿಡುತ್ತೀರಿ. ಹೆಸರಿಲ್ಲದಿದ್ದರೆ ನಿಮ್ಮ ನಿಮ್ಮ ಕ್ಯಾಂಪಸ್ಸಿನಲ್ಲಿ ಒಂದು ಸುತ್ತು ಹಾಕಿ ನೋಡುತ್ತೀರೇನೋ ಅಂತ ಆಸೆ.

ನಾನು ಕೆಲಸ ಮಾಡುವುದು ರಾಗಿಗೆ ಬರುವ ಬೆಂಕಿ ರೋಗದ ಮೇಲೆ. ಮಗಳು ಹುಟ್ಟಿದ್ದು ಕಳೆದ ವರ್ಷದ ಜನವರಿಯಲ್ಲಿ. ಪಿಎಚ್.ಡಿ ಮಾಡುವ ಹೆಣ್ಣುಮಕ್ಕಳಿಗೆ ಹೆರಿಗೆ ಮತ್ತು ಮಗುವಿನ ಆರೈಕೆಗೆ 240 ದಿನಗಳವರೆಗೆ ರಜೆ ಕೊಡಬಹುದು ಅಂತ ಯುಜಿಸಿ, ಅಂದರೆ ವಿಶ್ವವಿದ್ಯಾಲಯ ಅನುದಾನ ಆಯೋಗ, 2016ರಲ್ಲೇ ನಿಯಮ ಮಾಡಿದೆ. 2022ರ ನಿಯಮದಲ್ಲೂ ಅದು ಉಳಿದಿದೆ. ನನಗೂ ಆ ರಜೆ ಸಿಕ್ಕಿತು, ಯಾರೂ ತಕರಾರು ಮಾಡಲಿಲ್ಲ. ಆದರೆ ನಾನು ಐದು ತಿಂಗಳಿಗೇ ವಾಪಸ್ ಬಂದೆ. ಮುಂಗಾರು ನನ್ನ ರಜೆಯ ಲೆಕ್ಕ ನೋಡುವುದಿಲ್ಲ. ಜೂನ್, ಜುಲೈನಲ್ಲಿ ಬಿತ್ತನೆ ತಪ್ಪಿದರೆ ಒಂದು ಹಂಗಾಮು ಹೋಯಿತು, ಹಂಗಾಮು ಹೋದರೆ ಪಿಎಚ್.ಡಿಯ ಒಂದು ವರ್ಷ ಹೋಯಿತು. ಹಾಗಾಗಿ ಅವ್ವನನ್ನು ಊರಿಂದ ಕರೆಸಿ, ಮಗಳನ್ನು ಅವಳ ಮಡಿಲಿಗೆ ಹಾಕಿ ಬಂದೆ.

ರಜೆಗೆ ನಿಯಮ ಇದೆ. ರಜೆ ಮುಗಿಸಿ ಬಂದವಳಿಗೆ ಹಾಲು ಕುಡಿಸಲು, ಹಾಲು ತೆಗೆಯಲು ಜಾಗ, ಸಮಯ ಏನಿದೆ? ಈ ಪತ್ರ ಬರೆಯುತ್ತಿರುವುದು ಅದಕ್ಕೇ.

ಮೊದಲ ದಿನದ್ದು ಹೇಳುತ್ತೇನೆ. ಬೆಳಿಗ್ಗೆ ಏಳೂವರೆಗೆ ಮಗಳಿಗೆ ಹಾಲು ಕುಡಿಸಿ ಬಸ್ ಹತ್ತಿದೆ. ನಮ್ಮ ಬಾಡಿಗೆ ಮನೆಯಿಂದ ಕ್ಯಾಂಪಸ್ಸಿಗೆ ಎರಡು ಬಸ್. ಶಕ್ತಿ ಯೋಜನೆ ಬಂದ ಮೇಲೆ ಟಿಕೆಟ್ಟಿಗೆ ದುಡ್ಡು ಕೊಡಬೇಕಾಗಿಲ್ಲ ನಿಜ, ಆದರೆ ಮಧ್ಯಾಹ್ನ ಒಮ್ಮೆ ಮನೆಗೆ ಹೋಗಿ ಕುಡಿಸಿ ಬರುತ್ತೇನೆ ಅಂದರೆ ಎರಡೂವರೆ ಗಂಟೆ ಬೇಕು. ಹನ್ನೊಂದಕ್ಕೆ ವಿಭಾಗದಲ್ಲಿ ಸೆಮಿನಾರ್ ಇತ್ತು. ಅಷ್ಟು ಹೊತ್ತಿಗೆ ಎದೆ ಕಲ್ಲಿನ ಹಾಗೆ ಕಟ್ಟಿಕೊಂಡಿತ್ತು. ಹೊರಗೆ ಕಾರಿಡಾರಿನಲ್ಲಿ ಯಾರದೋ ಮಗು ಅತ್ತಿತು, ಅಡ್ಮಿಷನ್ನಿಗೆ ಬಂದವರ ಜೊತೆಗಿದ್ದ ಮಗು ಇರಬೇಕು. ಅಷ್ಟೇ. ಹಾಲು ತಾನಾಗಿ ಸುರಿಯತೊಡಗಿತು. ನಮ್ಮವ್ವ ಹಸು ಸಾಕಿದವಳು, ಕರು ಮೂತಿ ಇಟ್ಟರೆ ತಾನೇ ಹಸು ಸೊರ ಬಿಡೋದು ಅಂತಾಳೆ. ನಮಗೆ ಅಷ್ಟೂ ಬೇಕಾಗಿಲ್ಲ, ಬೇರೆಯವರ ಮಗು ಅತ್ತರೂ ಸಾಕು. ಆಕ್ಸಿಟೋಸಿನ್ ಅನ್ನುವ ಹಾರ್ಮೋನಿನ ಕೆಲಸ ಅದು, ಅದಕ್ಕೆ ಟೈಮ್‌ಟೇಬಲ್ ಗೊತ್ತಿಲ್ಲ. ಫೈಲನ್ನು ಎದೆಗೆ ಅವಚಿಕೊಂಡು ಎದ್ದೆ. ಸ್ಲೈಡ್ ತೋರಿಸುತ್ತಿದ್ದ ಹುಡುಗ "ಮೇಡಂಗೆ ಬೋರ್ ಆಯ್ತು ಅನ್ಸುತ್ತೆ" ಅಂದ. ಎಲ್ಲರೂ ನಕ್ಕರು. ನಾನೂ ನಕ್ಕೆ. ಅವನಿಗೇನು ಗೊತ್ತು ಪಾಪ.

ಹೋಗಿದ್ದು ಹೆಂಗಸರ ಟಾಯ್ಲೆಟ್ಟಿಗೆ. ಎರಡು ಬಾಗಿಲಲ್ಲಿ ಒಂದಕ್ಕೆ ಚಿಲಕ ಇಲ್ಲ, ಇನ್ನೊಂದರೊಳಗೆ ನೀರಿಲ್ಲ. ಚಿಲಕ ಇದ್ದದ್ದಕ್ಕೆ ಹೋಗಿ, ನಿಂತುಕೊಂಡೇ, ಕೈಯಿಂದ ಹಾಲು ಹಿಂಡಿ ಚೆಲ್ಲಿದೆ. ಎದೆಹಾಲನ್ನು ಕಾಲು ತುಳಿಯೋ ಜಾಗದಲ್ಲಿ ಚೆಲ್ಲಬಾರದು, ಗಿಡದ ಬುಡಕ್ಕೆ ಹಾಕಬೇಕು ಅಂತ ನಮ್ಮನೆಯಲ್ಲಿ ಹೇಳುತ್ತಾರೆ. ನಾನು ವಿಜ್ಞಾನ ಓದಿದವಳು, ಇಂಥದ್ದನ್ನೆಲ್ಲ ನಂಬುವುದಿಲ್ಲ. ಆದರೂ ಅವತ್ತು ಆ ಗುಂಡಿಗೆ ಚೆಲ್ಲುವಾಗ ಅಳು ಬಂತು. ಮನೆಯಲ್ಲಿ ಮಗಳು ಹಸಿದಿರುತ್ತಾಳೆ, ಇಲ್ಲಿ ನಾನು ಅವಳ ಊಟ ಚೆಲ್ಲುತ್ತಿದ್ದೇನೆ.

ಮರುದಿನದಿಂದ ನಮ್ಮ ವಿಭಾಗದ ಅಟೆಂಡರ್ ಅಕ್ಕ ನನಗೆ ಸ್ಟೋರ್ ರೂಮ್ ತೆರೆದುಕೊಟ್ಟರು. ಹಳೇ ಉತ್ತರ ಪತ್ರಿಕೆಗಳ ಕಟ್ಟು, ಕಾಲು ಮುರಿದ ಕುರ್ಚಿ, ಯಾವುದೋ ವಿಚಾರ ಸಂಕಿರಣದ ಬ್ಯಾನರ್, ಇಲಿ ಹಿಕ್ಕೆ. ಆ ರೂಮಿಗೆ ಚಿಲಕ ಇದೆ, ಆದರೆ ಹೊರಗಡೆ. ಒಳಗಿನಿಂದ ಹಾಕಿಕೊಳ್ಳಲು ಏನೂ ಇಲ್ಲ. ಸ್ಟೋರ್ ರೂಮಲ್ಲವಾ, ಒಳಗೆ ಮನುಷ್ಯರು ಕೂರುತ್ತಾರೆ ಅಂತ ಯಾರು ಅಂದುಕೊಂಡಿದ್ದರು? ಅಕ್ಕ ಹೊರಗೆ ಸ್ಟೂಲ್ ಹಾಕಿಕೊಂಡು ಕಾವಲು ಕೂರುತ್ತಿದ್ದರು. ಅವರನ್ನು ಆಫೀಸಿನವರು ಚಹಾ ತರಲು ಕಳಿಸಿದರೆ ನಾನು ಬಾಗಿಲಿಗೆ ಬೆನ್ನು ಕೊಟ್ಟು ನಿಂತುಕೊಂಡೇ ಪಂಪಿನಿಂದ ಹಾಲು ತೆಗೆಯುತ್ತಿದ್ದೆ. ಒಮ್ಮೆ ಲ್ಯಾಬ್ ಸಹಾಯಕರೊಬ್ಬರು ಗೊತ್ತಿಲ್ಲದೆ ಬಾಗಿಲು ತಳ್ಳಿದರು. ನೋಡಲಿಲ್ಲ, ಆದರೆ ಅವರಿಗೆ ನನಗಿಂತ ಜಾಸ್ತಿ ನಾಚಿಕೆಯಾಗಿ ಒಂದು ವಾರ ನನ್ನ ಮುಖ ನೋಡಿ ಮಾತಾಡಲಿಲ್ಲ. ಅವರದೇನೂ ತಪ್ಪಿಲ್ಲ. ತಪ್ಪು ಆ ಬಾಗಿಲಿನದು.

ಆಮೇಲೆ ಹಾಲು ಇಡುವುದೆಲ್ಲಿ ಅನ್ನುವ ಪ್ರಶ್ನೆ. ನಮ್ಮ ಲ್ಯಾಬಿನಲ್ಲಿ ಫ್ರಿಜ್ ಇದೆ, ಡೀಪ್ ಫ್ರೀಜರ್ ಕೂಡ ಇದೆ. ಅದರ ತುಂಬ ಶಿಲೀಂಧ್ರ ಬೆಳೆಸಿದ ಪ್ಲೇಟುಗಳು. ಅಲ್ಲಿ ಆಹಾರ ಇಡಬಾರದು ಅನ್ನುವ ನಿಯಮ ಸರಿಯಾದದ್ದೇ, ಬಂದ ಜೂನಿಯರ್‌ಗಳಿಗೆಲ್ಲ ನಾನೇ ಅದನ್ನು ಹೇಳಿಕೊಡುತ್ತೇನೆ. ಹಿಂಡಿದ ಎದೆಹಾಲು 25 ಡಿಗ್ರಿಯ ಒಳಗಿನ ತಂಪಿನಲ್ಲಿ 4 ಗಂಟೆ ಕೆಡದೆ ಇರುತ್ತದೆ, ಫ್ರಿಜ್ಜಿನಲ್ಲಾದರೆ 4 ದಿನ. ಆದರೆ ಹೆಂಚಿನ ಹಾಗೆ ಕಾಯುವ ಆರ್‌ಸಿಸಿ ಕಟ್ಟಡದ ಮೇಲಿನ ಮಹಡಿಯಲ್ಲಿ 25 ಡಿಗ್ರಿಯನ್ನು ಎಲ್ಲಿಂದ ತರಲಿ? ಮನೆಯಿಂದ ಐಸ್ ತುಂಬಿದ ಸ್ಟೀಲ್ ಡಬ್ಬಿ ತರುತ್ತಿದ್ದೆ, ಅದರೊಳಗೆ ಇನ್ನೊಂದು ಸಣ್ಣ ಡಬ್ಬಿ. ಸಂಜೆ ಅವ್ವ ಅದನ್ನು ಬೆಚ್ಚಗಿನ ನೀರಿನಲ್ಲಿಟ್ಟು, ನನಗೆ ಕುಡಿಸಿದ್ದ ಅದೇ ಹಳೇ ಬೆಳ್ಳಿ ಒಳಲೆಯಲ್ಲಿ ಮಗಳಿಗೆ ಕುಡಿಸುತ್ತಿದ್ದಳು. ಕ್ಯಾಂಟೀನಿನವರು ಫ್ರಿಜ್ಜಿನಲ್ಲಿ ಜಾಗ ಕೊಡುತ್ತೇನೆ ಅಂದಿದ್ದರು, ಆದರೆ ದಿನಾ ಅಲ್ಲಿ ಕೂಲ್‌ಡ್ರಿಂಕ್ಸ್ ತೆಗೆಯಲು ಬರುವ ಹುಡುಗರ ಮುಂದೆ ಡಬ್ಬಿ ಇಡುವ ಧೈರ್ಯ ನನಗೇ ಆಗಲಿಲ್ಲ.

ಇಷ್ಟಕ್ಕೂ ಹತ್ತು ನಿಮಿಷ ಆಚೀಚೆ ಆದರೆ ಏನು ಗಂಟು ಹೋಗುತ್ತೆ ಅಂತ ಕೇಳಬಹುದು. ಕೇಳಿದ್ದಾರೆ ಕೂಡ. ಹಾಲು ತೆಗೆದಷ್ಟೂ ಬರುತ್ತದೆ. ಒಳಗೇ ನಿಂತರೆ ದೇಹ ಇನ್ನು ಬೇಡವೇನೋ ಅಂದುಕೊಂಡು ಹಾಲು ಕಡಿಮೆ ಮಾಡುತ್ತಾ ಹೋಗುತ್ತದೆ, ಕೆಲವೇ ವಾರದಲ್ಲಿ ಬತ್ತಿಯೂ ಹೋಗಬಹುದು. ಅದಕ್ಕಿಂತ ಮುಂಚೆ ಇನ್ನೊಂದು ಕಾಟವಿದೆ. ಜುಲೈನಲ್ಲಿ ಸತತ ಮೂರು ದಿನ ಬೆಳಿಗ್ಗೆಯಿಂದ ಸಂಜೆಯವರೆಗೆ ಪೈರು ನಾಟಿ ಮಾಡಿಸುವ ಕೆಲಸ ಇತ್ತು, ಹಾಲು ತೆಗೆಯಲು ಆಗಲಿಲ್ಲ. ನಾಲ್ಕನೇ ದಿನ ಎದೆಯಲ್ಲಿ ಕೆಂಪು ಗಡ್ಡೆ, ಚಳಿ, 103 ಡಿಗ್ರಿ ಜ್ವರ. ಡಾಕ್ಟರು ಮಾಸ್ಟೈಟಿಸ್, ಎದೆ ಬಾವು ಅಂದರು, ಆಂಟಿಬಯೋಟಿಕ್ ಬರೆದರು, ಜೊತೆಗೆ "ಹಾಲು ನಿಲ್ಲಿಸಬೇಡಿ, ಮಗುವಿಗೆ ಕುಡಿಸ್ತಾ ಇರಿ, ಎದೆ ಖಾಲಿ ಮಾಡ್ತಾ ಇರಿ, ಅದೇ ಔಷಧಿ" ಅಂದರು. ನಾನು ಎಂಟು ದಿನ ಮಲಗಿದೆ. ಆ ಎಂಟು ದಿನ ಯಾರ ಲೆಕ್ಕಕ್ಕೆ? ದಿನಕ್ಕೆ ಎರಡು ಸಲ ಇಪ್ಪತ್ತು ನಿಮಿಷ ಕೊಡಲಾಗದ ವಿಶ್ವವಿದ್ಯಾಲಯಕ್ಕೆ ಎಂಟು ದಿನ ಹೋದದ್ದು ಮಾತ್ರ ಗೊತ್ತಾಗಲಿಲ್ಲ.

ಜ್ವರ ಬಿಟ್ಟ ಮೇಲೆ, ಹಾಲು ತೆಗೆಯಲು ಒಂದು ಕೊಠಡಿ ಕೊಡಿ ಅಂತ ಅರ್ಜಿ ಬರೆದೆ. ವಿಭಾಗದ ಮುಖ್ಯಸ್ಥರು ಮುಂದಕ್ಕೆ ಕಳಿಸಿದರು. ಅಲ್ಲಿಂದ ಅದು ಎಂಜಿನಿಯರಿಂಗ್ ವಿಭಾಗಕ್ಕೆ ಹೋಯಿತು, ಕೊಠಡಿ ಅಂದರೆ ಕಟ್ಟಡ ಅಲ್ವಾ. ಅವರು ಮಹಿಳಾ ಘಟಕಕ್ಕೆ ಕಳಿಸಿದರು. ಮಹಿಳಾ ಘಟಕದವರು ಇದು ದೂರು ಅಲ್ಲ, ಬೇಡಿಕೆ, ನಮ್ಮ ವ್ಯಾಪ್ತಿಗೆ ಬರಲ್ಲ ಅಂದರು. ಕೊನೆಗೆ ಒಬ್ಬ ಅಧಿಕಾರಿಯನ್ನು ನೇರವಾಗಿ ಕಂಡೆ. ಒಳ್ಳೆಯವರೇ, ಕೂರಿಸಿ ಮಾತಾಡಿಸಿದರು. "ಇಂಥ ಬೇಡಿಕೆ ಇದುವರೆಗೂ ಬಂದೇ ಇಲ್ಲಮ್ಮ" ಅಂದರು. ಆಮೇಲೆ ದನಿ ತಗ್ಗಿಸಿ, "ಈಗ ಒಳ್ಳೊಳ್ಳೆ ಡಬ್ಬಿ ಹಾಲು ಬಂದಿದೆಯಲ್ಲ, ನಮ್ಮ ಮೊಮ್ಮಗ ಅದರಲ್ಲೇ ದುಂಡಗಾದ" ಅಂದರು. ನಾನು ಎದುರು ಮಾತಾಡಲಿಲ್ಲ. ಅಲ್ಲಿ ಹೇಳದ್ದನ್ನು ಇಲ್ಲಿ ಹೇಳುತ್ತೇನೆ. ಎರಡು ವರ್ಷದೊಳಗಿನ ಮಕ್ಕಳ ಡಬ್ಬಿ ಹಾಲಿಗೆ, ಹಾಲಿನ ಬಾಟಲಿಗೆ ನಮ್ಮ ದೇಶದಲ್ಲಿ ಜಾಹೀರಾತು ಕೊಡುವುದೇ ಅಪರಾಧ, 1992ರ ಕಾಯ್ದೆ ಅದು, 2003ರಲ್ಲಿ ಇನ್ನೂ ಬಿಗಿ ಮಾಡಿದರು. ಕಂಪನಿಯವರೇ ಹೇಳಬಾರದ ಮಾತನ್ನು ವಿಶ್ವವಿದ್ಯಾಲಯದ ಕುರ್ಚಿಯಲ್ಲಿ ಕೂತು ಹೇಳುವುದು ಚೆನ್ನಾಗಿರುತ್ತಾ? (ಹಾಲು ಬರದವರು, ಔಷಧಿ ಕಾರಣಕ್ಕೆ ಕುಡಿಸಲಾಗದವರು, ಬೇಡ ಅಂತ ತಾವೇ ನಿರ್ಧಾರ ಮಾಡಿದವರು ಇದ್ದಾರೆ. ಅವರ ಮಕ್ಕಳೂ ಚೆನ್ನಾಗಿ ಬೆಳೆಯುತ್ತವೆ. ಅವರನ್ನು ಚುಚ್ಚಲು ನಾನು ಇದನ್ನು ಬರೆಯುತ್ತಿಲ್ಲ. ಆದರೆ ಆ ತೀರ್ಮಾನ ತಾಯಿದಾಗಿರಬೇಕು, ಚಿಲಕ ಇಲ್ಲದ ಬಾಗಿಲಿನದಲ್ಲ.)

ಆಗಸ್ಟ್‌ನಲ್ಲಿ ನಡೆದದ್ದಂತೂ ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ. ಆಗಸ್ಟ್ 1ರಿಂದ 7ರವರೆಗೆ ವಿಶ್ವ ಸ್ತನ್ಯಪಾನ ಸಪ್ತಾಹ. ನಮ್ಮಲ್ಲಿ ಹತ್ತಿರದ ಹಳ್ಳಿಯಲ್ಲಿ ಜಾಗೃತಿ ಕಾರ್ಯಕ್ರಮ ಅಂತ ಇಟ್ಟುಕೊಂಡರು. ಜೀವವಿಜ್ಞಾನ ಓದಿದವಳು, ಮೇಲಾಗಿ ತಾಯಿ, ಅಂತ ನನ್ನನ್ನೇ ಮಾತಾಡಲು ಕರೆದುಕೊಂಡು ಹೋದರು. ಮೊದಲ 6 ತಿಂಗಳು ಬರೀ ಎದೆಹಾಲು, ನೀರೂ ಬೇಡ. ಆಮೇಲೆ ಮೇಲಾಹಾರದ ಜೊತೆ 2 ವರ್ಷ ಅಥವಾ ಅದಕ್ಕಿಂತ ಜಾಸ್ತಿ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಇದನ್ನೇ. 2019ರಿಂದ 21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 6 ತಿಂಗಳೊಳಗಿನ ಮಕ್ಕಳಲ್ಲಿ ಬರೀ ಎದೆಹಾಲು ಕುಡಿಯುವವರು ಶೇ 63.7. ಆ ಚಾರ್ಟ್ ಬರೆದದ್ದೂ ನಾನೇ. ಜಗಲಿ ಮೇಲೆ ಒಬ್ಬ ಹುಡುಗಿ ಸೆರಗಿನ ಮರೆಯಲ್ಲಿ ಮಗುವಿಗೆ ಹಾಲು ಕೊಡುತ್ತಾ ನನ್ನ ಭಾಷಣ ಕೇಳುತ್ತಿದ್ದಳು. ಮುಗಿದ ಮೇಲೆ ಕೇಳಿದಳು, "ಅಕ್ಕ, ನಿಮ್ಮ ಕೂಸು ಎಷ್ಟು ತಿಂಗಳದು?" ಏಳು ಅಂದೆ. "ಈಗ ಎಲ್ಲೈತೆ?" ಮನೆಯಲ್ಲಿದೆ ಅಂದೆ. "ಮತ್ತೆ ನೀವು ಕಾಲೇಜಲ್ಲಿ ಎಲ್ಲಿ ಕುಡುಸ್ತೀರಾ?"

ಬ್ಯಾನರ್ ಹಿಡಿದ ಹುಡುಗರೆಲ್ಲ ನನ್ನ ಮುಖ ನೋಡುತ್ತಿದ್ದರು. ನಾನು ಏನು ಹೇಳಿದೆ ಅನ್ನುವುದು ಈಗ ಬೇಡ. ಆ ಬ್ಯಾನರನ್ನು ವಾಪಸ್ ತಂದು ಇಟ್ಟದ್ದು ಅದೇ ಸ್ಟೋರ್ ರೂಮಿನಲ್ಲಿ.

ನನ್ನ ಕಥೆ ಹೇಗೋ ನಡೆಯಿತು. ನನಗೆ ಅವ್ವ ಇದ್ದಾಳೆ, ಒಳ್ಳೆಯ ಗೈಡ್ ಇದ್ದಾರೆ. ಗೈಡ್ ಸರ್ ಮೀಟಿಂಗ್ ನಡುವೆ ಗಡಿಯಾರ ನೋಡಿ "ಹೋಗ್ಬಾರಮ್ಮ, ಟೈಮಾಯ್ತು" ಅಂತ ತಾವೇ ಹೇಳುತ್ತಿದ್ದರು. ಆದರೆ ಅವರು ಮುಂದಿನ ವರ್ಷ ನಿವೃತ್ತರಾಗುತ್ತಾರೆ, ಅವರ ಜೊತೆ ಆ ಮಾತೂ ನಿವೃತ್ತಿಯಾಗುತ್ತದೆ. ಇಲ್ಲದವರ ಕಥೆ ಕೇಳಿ. ನಮ್ಮ ಪಕ್ಕದ ವಿಭಾಗದಲ್ಲಿ ಎಂ.ಎಸ್ಸಿ ಮೊದಲ ವರ್ಷದ ಹುಡುಗಿಯೊಬ್ಬಳಿದ್ದಳು. ಮಗುವಿಗೆ ಎರಡು ತಿಂಗಳು ತುಂಬುವ ಮೊದಲೇ ಕ್ಲಾಸಿಗೆ ಬಂದಳು, ಯಾಕೆಂದರೆ ಶೇ 75 ಹಾಜರಾತಿ ಇಲ್ಲದಿದ್ದರೆ ಪರೀಕ್ಷೆಗೆ ಕೂರಿಸುವುದಿಲ್ಲ. ಅವಳ ಅತ್ತೆ ಮಗುವನ್ನು ಎತ್ತಿಕೊಂಡು ಬಂದು ಗೇಟಿನ ಹತ್ತಿರದ ಹೊಂಗೆ ಮರದ ಕೆಳಗೆ ಕೂತಿರುತ್ತಿದ್ದರು. ಇವಳು ಎರಡು ಪೀರಿಯಡ್ ನಡುವೆ ಓಡಿ ಹೋಗಿ ಹಾಲು ಕೊಟ್ಟು ಓಡಿ ಬರುತ್ತಿದ್ದಳು. ಎಷ್ಟೇ ಓಡಿದರೂ ಹತ್ತು ಹದಿನೈದು ನಿಮಿಷ ತಡ. ತಡವಾದರೆ ಆಬ್ಸೆಂಟ್. ಮಳೆ ಶುರುವಾದ ಮೇಲೆ ಅತ್ತೆ ಬರುವುದನ್ನು ನಿಲ್ಲಿಸಿದರು. ದಸರಾ ರಜೆಗೆ ಊರಿಗೆ ಹೋದವಳು ವಾಪಸ್ ಬರಲಿಲ್ಲ. ಅವಳು ಕಾಲೇಜು ಬಿಟ್ಟ ಕಾರಣ ರಿಜಿಸ್ಟರಿನಲ್ಲಿ ಏನಂತ ಬರೆದಿದೆ ಗೊತ್ತಾ? ವೈಯಕ್ತಿಕ.

ಇಂಥ ಬೇಡಿಕೆ ಬಂದಿಲ್ಲ ಅನ್ನುತ್ತೀರಲ್ಲ, ಬೇಡಿಕೆ ಇಡಬೇಕಾದವರು ಹೀಗೆ ಒಬ್ಬೊಬ್ಬರೇ ಗೇಟು ದಾಟಿ ಹೋಗಿಬಿಟ್ಟಿರುತ್ತಾರೆ.

ಅವಳಿಗೆ ನಿಯಮದ ಬೆಂಬಲ ಇರಲಿಲ್ಲ ಅಂತಲೂ ಅಲ್ಲ. 2021ರ ಡಿಸೆಂಬರಿನಲ್ಲಿ ಯುಜಿಸಿ ಎಲ್ಲ ಕುಲಪತಿಗಳಿಗೂ ಪತ್ರ ಬರೆದು, ಪದವಿ ಮತ್ತು ಸ್ನಾತಕೋತ್ತರ ಓದುವ ಹೆಣ್ಣುಮಕ್ಕಳಿಗೂ ಹೆರಿಗೆ ರಜೆ, ಹಾಜರಾತಿ ವಿನಾಯಿತಿ ಕೊಡಲು ನಿಮ್ಮ ನಿಮ್ಮ ನಿಯಮ ಮಾಡಿಕೊಳ್ಳಿ ಅಂದಿತ್ತು. ಕೇರಳದ ಕೊಟ್ಟಾಯಂನ ಮಹಾತ್ಮ ಗಾಂಧಿ ವಿಶ್ವವಿದ್ಯಾಲಯ ಒಂದೇ ವರ್ಷದಲ್ಲಿ, 2022ರ ಡಿಸೆಂಬರಿನಲ್ಲಿ, 60 ದಿನಗಳ ರಜೆ ಕೊಡಲು ತೀರ್ಮಾನಿಸಿತು. ಮರು ತಿಂಗಳೇ ಕೇರಳ ಸರ್ಕಾರ ಅದನ್ನು ಉಳಿದ ವಿಶ್ವವಿದ್ಯಾಲಯಗಳಿಗೂ ತಂದಿತು. 2023ರ ಮೇನಲ್ಲಿ ಒಬ್ಬ ಎಂ.ಎಡ್ ವಿದ್ಯಾರ್ಥಿನಿಯ ಕೇಸಿನಲ್ಲಿ ದೆಹಲಿ ಹೈಕೋರ್ಟ್, ಓದು ಬೇಕೋ ತಾಯ್ತನ ಬೇಕೋ ಒಂದನ್ನು ಆರಿಸಿಕೋ ಅಂತ ಹೆಣ್ಣಿಗೆ ಬಲವಂತ ಮಾಡುವಂತಿಲ್ಲ ಅಂತ ಹೇಳಿತು. ನಿಮ್ಮ ಆಫೀಸಿನಲ್ಲಿ ಆ ಯುಜಿಸಿ ಪತ್ರದ ಕಡತ ಯಾವ ಕಪಾಟಿನಲ್ಲಿದೆ ಅಂತ ದಯವಿಟ್ಟು ಒಮ್ಮೆ ಹುಡುಕಿಸಿ.

ಇನ್ನು ಅತಿಥಿ ಉಪನ್ಯಾಸಕಿಯರು. ಅವರಿಗೆ ಸಂಬಳ ಸಿಗುವುದು ಪಾಠ ಮಾಡಿದ ಗಂಟೆಯ ಲೆಕ್ಕದಲ್ಲಿ, ಮುಂದಿನ ವರ್ಷ ಕರೆಯುತ್ತಾರೋ ಇಲ್ಲವೋ ಗೊತ್ತಿಲ್ಲ. ಬಾಣಂತನ ಮುಗಿಯುವ ಮೊದಲೇ ಕಿವಿಗೆ ಹತ್ತಿ ಇಟ್ಟುಕೊಂಡು ಪಾಠಕ್ಕೆ ಬಂದವರನ್ನು ನಾನು ನೋಡಿದ್ದೇನೆ. ಗುತ್ತಿಗೆ ಅವಧಿ ಮುಗಿದರೂ ಹೆರಿಗೆ ಸೌಲಭ್ಯ ತಪ್ಪಿಸುವಂತಿಲ್ಲ ಅಂತ ಸುಪ್ರೀಂ ಕೋರ್ಟ್ 2023ರಲ್ಲೇ ಗುತ್ತಿಗೆ ವೈದ್ಯೆಯೊಬ್ಬರ ಕೇಸಿನಲ್ಲಿ ಹೇಳಿದೆ. ಇದನ್ನು ಹಿಡಿದುಕೊಂಡು ಕೇಳುವ ಧೈರ್ಯ ಗಂಟೆ ಲೆಕ್ಕದ ಸಂಬಳದವಳಿಗೆ ಎಲ್ಲಿಂದ ಬರಬೇಕು?

ಮತ್ತೆ ನಮ್ಮ ಅಟೆಂಡರ್ ಅಕ್ಕ. ಅವರು ಗುತ್ತಿಗೆ ಕೆಲಸದವರು, ಹದಿನಾರು ವರ್ಷದಿಂದ ಇದ್ದಾರೆ. ಒಂದು ಮಧ್ಯಾಹ್ನ ನಾನು ಪಂಪ್ ಮುಗಿಸಿ ಹೊರಗೆ ಬಂದಾಗ ಡಬ್ಬಿಯನ್ನೇ ನೋಡುತ್ತಾ ಹೇಳಿದರು. "ನಮ್ ಕಾಲದಲ್ಲಿ ಈ ಮಿಷನ್ ಎಲ್ಲಿತ್ತು ಮೇಡಂ. ನನ್ನ ಚಿಕ್ಕವನಿಗೆ ಮೂರು ತಿಂಗಳಿಗೇ ಹಾಲು ಬಿಡಿಸ್ದೆ. ಬೇವಿನ ಸೊಪ್ಪು ಅರೆದು ಹಚ್ಕೊಂಡು. ಕಹಿ ತಾಗಿ ಮುಖ ತಿರುಗಿಸ್ತಿದ್ದ, ಮತ್ತೆ ಬಂದು ಬಾಯಿ ಹಾಕ್ತಿದ್ದ, ಮತ್ತೆ ತಿರುಗಿಸ್ತಿದ್ದ. ಏನ್ ಮಾಡೋದು, ಕೆಲ್ಸ ಹೋಗ್ತಿತ್ತು." ಹೇಳಿ ಸ್ಟೂಲ್ ಎತ್ತಿಕೊಂಡು ಹೊರಟುಹೋದರು. ನನಗೆ ಅಷ್ಟು ದಿನ ಕಾವಲು ಕೂತವರು.

ಕಾನೂನಿನ ಮಾತು ಜಾಸ್ತಿ ಆಡುವುದಿಲ್ಲ, ನಿಮಗೆ ಕಾನೂನು ಅಧಿಕಾರಿಗಳಿದ್ದಾರೆ. ಆದರೂ ಸ್ವಲ್ಪ. ಕೆಲಸಕ್ಕೆ ಮರಳಿದ ತಾಯಿಗೆ ಮಗುವಿಗೆ 15 ತಿಂಗಳಾಗುವವರೆಗೆ ದಿನಕ್ಕೆ ಎರಡು ಸಲ ಹಾಲುಣಿಸುವ ಬಿಡುವು ಕೊಡಬೇಕು ಅಂತ 1961ರ ಹೆರಿಗೆ ಸೌಲಭ್ಯ ಕಾಯ್ದೆಯಲ್ಲೇ ಬರೆದಿತ್ತು. 2017ರ ತಿದ್ದುಪಡಿಯಲ್ಲಿ ಸಂಬಳದ ರಜೆ 26 ವಾರ ಆಯಿತು. 50 ಮತ್ತು ಅದಕ್ಕಿಂತ ಹೆಚ್ಚು ನೌಕರರಿರುವ ಕಡೆ ಶಿಶುಪಾಲನಾ ಕೇಂದ್ರ ಇರಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಅಲ್ಲಿಗೆ ಹೋಗಿ ಬರಬಹುದು ಅಂತಲೂ ಸೇರಿತು. ಈಗ ಅದರ ಜಾಗಕ್ಕೆ 2025ರ ನವೆಂಬರ್ 21ರಿಂದ ಜಾರಿಗೆ ಬಂದಿರುವ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಹಾಲುಣಿಸುವ ಬಿಡುವು, ಶಿಶುಪಾಲನಾ ಕೇಂದ್ರ ಎರಡೂ ಇವೆ. 2021ರಲ್ಲಿ ನಮ್ಮದೇ ಕರ್ನಾಟಕ ಹೈಕೋರ್ಟ್, ಮಗುವಿಗೆ ಹಾಲುಣಿಸುವುದು ಸಂವಿಧಾನದ 21ನೇ ವಿಧಿಯಲ್ಲಿ ಬರುವ ತಾಯಿಯ ಹಕ್ಕು ಅಂತ ಹೇಳಿತು. 2025ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರಿದ್ದ ಪೀಠ ಸಾರ್ವಜನಿಕ ಕಟ್ಟಡಗಳಲ್ಲಿ ಹಾಲುಣಿಸುವ ಕೊಠಡಿಗಳ ಬಗ್ಗೆ ರಾಜ್ಯಗಳಿಗೆ ಸೂಚನೆ ಕೊಟ್ಟಿತು.

ಆದರೆ ಇದರಲ್ಲೊಂದು ತೂತು ಇದೆ, ನಾನು ಬಿದ್ದಿರುವುದು ಆ ತೂತಿನೊಳಗೇ. ಕಾಯ್ದೆ ಇರುವುದು ನೌಕರರಿಗೆ. ನಾನು ವಿದ್ಯಾರ್ಥಿನಿ. ಬೆಳಿಗ್ಗೆಯಿಂದ ಸಂಜೆಯವರೆಗೆ ಲ್ಯಾಬಿನಲ್ಲಿ ದುಡಿದರೂ, ಜೂನಿಯರ್‌ಗಳಿಗೆ ಪ್ರಾಕ್ಟಿಕಲ್ ಮಾಡಿಸಿದರೂ ವಿದ್ಯಾರ್ಥಿನಿಯೇ. ಹಾಗಾಗಿ 15 ತಿಂಗಳವರೆಗಿನ ಆ ಬಿಡುವು ನನಗೆ ಹಕ್ಕಲ್ಲ, ಯಾರಾದರೂ ಕೊಟ್ಟರೆ ಉಪಕಾರ. ಈ ತೂತು ಮುಚ್ಚಲು ದೆಹಲಿಗೆ ಹೋಗಬೇಕಾಗಿಲ್ಲ. ನಿಮ್ಮ ಸಿಂಡಿಕೇಟ್ ಸಭೆಯ ಒಂದು ನಿರ್ಣಯ ಸಾಕು.

ದುಡ್ಡಿಲ್ಲ ಅನ್ನಬೇಡಿ, ದಯವಿಟ್ಟು. ನಮ್ಮ ರಾಜ್ಯದ ಗ್ರಾಮ ಪಂಚಾಯ್ತಿಗಳಲ್ಲಿ ನರೇಗಾ ಕೂಲಿಗೆ ಹೋಗುವ ಹೆಂಗಸರ ಮಕ್ಕಳಿಗಾಗಿ "ಕೂಸಿನ ಮನೆ" ಶುರುವಾಗಿದೆ, 4,000 ಪಂಚಾಯ್ತಿಗಳಲ್ಲಿ ಮಾಡಬೇಕು ಅಂತ ಹೊರಟ ಯೋಜನೆ ಅದು. ಪಕ್ಕದ ತಮಿಳುನಾಡಿನಲ್ಲಿ 2015ರಲ್ಲೇ ಜಯಲಲಿತಾ ಅವರು ಬಸ್ ನಿಲ್ದಾಣಗಳಲ್ಲಿ ತಾಯಂದಿರಿಗೆ ಕೊಠಡಿ ಮಾಡಿಸಿದರು. ಪಂಚಾಯ್ತಿಗೆ ಆಗುವುದು, ಬಸ್ ನಿಲ್ದಾಣದಲ್ಲಿ ಆಗುವುದು ಗುಣಮಟ್ಟ ಅಳೆಯುವ ನ್ಯಾಕ್ ಸಂಸ್ಥೆಯ ಗ್ರೇಡಿಗೆ ಅಂತ ವರ್ಷಾನುಗಟ್ಟಲೆ ಫೈಲು ತಯಾರಿಸುವ ವಿಶ್ವವಿದ್ಯಾಲಯದಲ್ಲಿ ಯಾಕೆ ಆಗುವುದಿಲ್ಲ? ಒಂದು ಘಟಿಕೋತ್ಸವದ ಶಾಮಿಯಾನ, ಹಾರ, ಶಾಲಿನ ಬಿಲ್ ಸಾಕು ಇದಕ್ಕೆ.

ಹಾಗಾದರೆ ಏನು ಬೇಕು? ಒಂದು ಹತ್ತಡಿ ಹತ್ತಡಿಯ ಕೊಠಡಿ. ಮುಖ್ಯ ಕಟ್ಟಡದಲ್ಲಿ ಒಂದು, ಲೈಬ್ರರಿಯಲ್ಲಿ ಒಂದು, ದೂರದ ಬ್ಲಾಕ್‌ಗಳಿಗೆ ಒಂದೊಂದು. ಬೆನ್ನಿಗೂ ಕೈಗೂ ಆಸರೆ ಇರುವ ಕುರ್ಚಿ, ಒಂದು ಪ್ಲಗ್ ಪಾಯಿಂಟ್, ಕೈ ತೊಳೆಯಲು ನೀರು, ಒಂದು ಸಣ್ಣ ಫ್ರಿಜ್. ಟಾಯ್ಲೆಟ್ಟಿಗೆ ಅಂಟಿಕೊಂಡಿರುವುದು ಬೇಡ. ಕೀಲಿ ಆಫೀಸಿನಲ್ಲಿಟ್ಟು, ಸಹಿ ಹಾಕಿ ತೆಗೆದುಕೊಂಡು ಹೋಗಿ ಅನ್ನುವುದು ಬೇಡವೇ ಬೇಡ. ಸುಪರಿಂಟೆಂಡೆಂಟ್ ಊಟಕ್ಕೆ ಹೋದಾಗಲೇ ಎದೆ ಕಟ್ಟುವುದು, ಇದು ಅನುಭವದ ಮಾತು. ರಿಬ್ಬನ್ ಕತ್ತರಿಸಿ ಉದ್ಘಾಟನೆ ಮಾಡಿ, ಆರು ತಿಂಗಳಾದ ಮೇಲೆ ಅದೂ ಇನ್ನೊಂದು ಸ್ಟೋರ್ ರೂಮ್ ಆಗುವುದಾದರೆ ಮಾಡುವುದೇ ಬೇಡ. ಅದನ್ನು ನೋಡಿಕೊಳ್ಳಲು ಒಬ್ಬರ ಹೆಸರನ್ನು ಬಾಗಿಲ ಮೇಲೆ ಬರೆಯಿರಿ.

ಕೊಠಡಿಗಿಂತ ಮುಖ್ಯ ಸಮಯ. ವಿದ್ಯಾರ್ಥಿನಿ, ಅತಿಥಿ ಉಪನ್ಯಾಸಕಿ, ಗುತ್ತಿಗೆಯವರು, ಕಾಯಂ ನೌಕರರು, ಯಾರೇ ಆಗಲಿ, ಮಗುವಿಗೆ 15 ತಿಂಗಳಾಗುವವರೆಗೆ ದಿನಕ್ಕೆ ಎರಡು ಸಲ ಅರ್ಧರ್ಧ ಗಂಟೆ. ಅಷ್ಟು ಹೊತ್ತು ಕ್ಲಾಸಿನಿಂದ ಹೊರಗಿದ್ದರೆ ಹಾಜರಾತಿ ಕತ್ತರಿಸಬಾರದು. ಮೂರು ಗಂಟೆಯ ಪರೀಕ್ಷೆಯ ನಡುವೆ ಹಾಲು ಕೊಡಲು ಹೋಗಿ ಬಂದರೆ ಅಷ್ಟು ನಿಮಿಷವನ್ನು ಕೊನೆಯಲ್ಲಿ ಸೇರಿಸಿಕೊಡಬೇಕು. ಅದನ್ನು ಕೊಠಡಿ ಮೇಲ್ವಿಚಾರಕರ ಮರ್ಜಿಗೆ ಬಿಡದೆ ಪರೀಕ್ಷಾ ನಿಯಮದಲ್ಲೇ ಬರೆಯಬೇಕು. ಯುಜಿಸಿ ಹೇಳಿದ ಹೆರಿಗೆ ರಜೆಯ ನಿಯಮ ಪದವಿ ಮತ್ತು ಸ್ನಾತಕೋತ್ತರದವರಿಗೂ ಬರಬೇಕು. ಶಿಶುಪಾಲನಾ ಕೇಂದ್ರ ಒಂದೇ ದಿನದಲ್ಲಿ ಆಗುವುದಿಲ್ಲ ಅಂತ ನನಗೂ ಗೊತ್ತು, ಆದರೆ ಯಾವಾಗ ಅಂತ ಒಂದು ತಾರೀಕು ಹೇಳಿ. ಮಗು ಇರುವ ಸಂಶೋಧಕಿಗೆ ಹಾಸ್ಟೆಲಿನಲ್ಲಿ ಜಾಗ ಇಲ್ಲ ಅನ್ನುವ ವಿಷಯ ಬೇರೆಯೇ ಇದೆ, ಅದಕ್ಕೆ ಇನ್ನೊಂದು ಪತ್ರ ಬೇಕಾಗುತ್ತದೆ.

ಇದೆಲ್ಲ ಬಾಯಿಮಾತಿನಲ್ಲಿ ಬೇಡ. ಬಾಯಿಮಾತಿನಲ್ಲಿ ಒಳ್ಳೆಯವರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ. ಸುತ್ತೋಲೆ ಆಗಲಿ, ಪ್ರತಿ ವಿಭಾಗದ ನೋಟಿಸ್ ಬೋರ್ಡಿಗೆ ಬರಲಿ, ಪ್ರವೇಶದ ಮಾಹಿತಿ ಪುಸ್ತಕದಲ್ಲಿ ಅಚ್ಚಾಗಲಿ. ಹಸುಗೂಸು ಬಿಟ್ಟು ಓದಲು ಬರುವವಳು ಅರ್ಜಿ ತುಂಬುವ ಮೊದಲೇ ಅದನ್ನು ಓದುವಂತಾಗಲಿ.

ಈಗ ನನ್ನ ಮಗಳು ಅನ್ನ ಸಾರು ತಿನ್ನುತ್ತಾಳೆ, ರಾತ್ರಿ ಮತ್ತು ಬೆಳಗಿನ ಜಾವ ಮಾತ್ರ ಹಾಲು ಕುಡಿಯುತ್ತಾಳೆ. ಇನ್ನು ನನಗೆ ಆ ಕೊಠಡಿ ಬೇಕಾಗಿಲ್ಲ. ಆದರೆ ನಮ್ಮ ಲ್ಯಾಬಿನಲ್ಲೇ ಇನ್ನೊಬ್ಬಳಿಗೆ ಈಗ ಆರು ತಿಂಗಳು. ಜೂನ್‌ನಲ್ಲಿ ಹೆರಿಗೆ, ಮುಂದಿನ ವರ್ಷದ ಶುರುವಿಗೆ ವಾಪಸ್ ಬರುತ್ತಾಳೆ. ನಿಮಗೆ ಹೆಚ್ಚು ಕಡಿಮೆ ಒಂಬತ್ತು ತಿಂಗಳ ಸಮಯ ಇದೆ.

ಅಷ್ಟರಲ್ಲಿ ಏನೂ ಆಗದಿದ್ದರೆ ಅಂತ ಹೋದ ವಾರ ಹಾರ್ಡ್‌ವೇರ್ ಅಂಗಡಿಯಿಂದ ಒಂದು ಚಿಲಕ ತಂದಿದ್ದೇನೆ, ಸ್ಕ್ರೂ ಸೇರಿ 85 ರೂಪಾಯಿ. ಸ್ಟೋರ್ ರೂಮಿನ ಬಾಗಿಲಿಗೆ ಒಳಗಿನಿಂದ ಹಾಕಲು. ಅಟೆಂಡರ್ ಅಕ್ಕ ಸ್ಕ್ರೂ ಡ್ರೈವರ್ ಕೂಡ ತಂದಿದ್ದರು. ಆದರೆ ವಿಶ್ವವಿದ್ಯಾಲಯದ ಆಸ್ತಿಗೆ ಮೊಳೆ ಹೊಡೆಯಲು ಅನುಮತಿ ಬೇಕು ಅಂತ ಆಫೀಸಿನವರು ಅಂದರು. ಅರ್ಜಿ ಕೊಟ್ಟಿದ್ದೇನೆ. ಚಿಲಕ ನನ್ನ ಬ್ಯಾಗಿನಲ್ಲಿದೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಸಂಶೋಧನಾ ವಿದ್ಯಾರ್ಥಿನಿ